ಬೆಂಚು ಹಾಕಿಸುವವಳ ಎದೆಬಡಿತ

ರಸ್ತೆ ಬದಿಗೆ ಒಂದು ಕಲ್ಲುಬೆಂಚು ಹಾಕಿಸುವುದರಲ್ಲಿ ಹೆದರುವಂಥದ್ದು ಏನಿದೆ ಎಂದು ನನ್ನ ತಂಗಿ ಕೇಳುತ್ತಾಳೆ. ಅವಳು ಬ್ಯಾಂಕಿನಲ್ಲಿದ್ದಾಳೆ. ಅವಳು ಕೂರುವ ಕುರ್ಚಿಯ ವಿಷಯದಲ್ಲಿ ಊರಿನವರು ಯಾರೂ ತಕರಾರು ತೆಗೆಯುವುದಿಲ್ಲ. ನಾನು ಬೀದರ್ ಕಡೆಯವಳು, ಹೈದರಾಬಾದಿನಲ್ಲಿ ಒಬ್ಬ ಗುತ್ತಿಗೆದಾರರ ಹತ್ತಿರ ಸೈಟ್ ಸೂಪರ್‌ವೈಸರ್. ಬಸ್ ಸ್ಟಾಪು, ಪಾರ್ಕು, ಫುಟ್‌ಪಾತು, ಎಲ್ಲಿ ಹೇಳುತ್ತಾರೋ ಅಲ್ಲಿ ಬೆಂಚು ಹಾಕಿಸುತ್ತೇನೆ. ಕೂರಿಸುವವರು ಯಾದಗಿರಿಯ ಮೇಸ್ತ್ರಿ ಕಾಕಾ ಮತ್ತು ಅವರ ಆರು ಜನ. ಬೆಂಚು ನಿಂತ ಕೂಡಲೇ ಅವರ ಕೆಲಸ ಮುಗಿಯುತ್ತದೆ, ನನ್ನ ಎದೆಬಡಿತ ಶುರುವಾಗುತ್ತದೆ. ನಾಲ್ಕು ಜನ ಕೂರುವ ಜಾಗ ಮಾಡಿಕೊಟ್ಟ ಮೇಲೆ ಏನಾದರೂ ಒಂದು ಆಗದೆ ಉಳಿದದ್ದನ್ನು ನಾನಂತೂ ಕಂಡಿಲ್ಲ.

ಕೋಠಿಯಲ್ಲಿ ಕೂತವರು

ಕೋಠಿಯ ಬಸ್ ಸ್ಟಾಪಿನಲ್ಲಿ ಬೆಂಚು ಕೂರಿಸಿ, ಸಿಮೆಂಟು ಗಟ್ಟಿಯಾಗಲೆಂದು ಸುತ್ತ ಹಗ್ಗ ಕಟ್ಟಿಸಿ, 'ಮೂರು ದಿನ ಯಾರೂ ಕೂರಬಾರದು' ಎಂದು ತೆಲುಗು, ಉರ್ದು ಎರಡರಲ್ಲೂ ಬರೆಸಿದೆ. ಆ ಗದ್ದಲದಲ್ಲಿ ಒಂದು ಜಾಗ ಮೂರು ನಿಮಿಷ ಖಾಲಿ ಉಳಿಯುವುದೇ ಹೆಚ್ಚು. ಯಾರಾದರೂ ಕೂತು, ಬೆಂಚಿನ ಕಾಲು ಜರುಗಿ, ಅದರ ಜೊತೆ ಅವರೂ ಬಿದ್ದರೆ? ಎದುರಿನ ಅಂಗಡಿಗೆ ಚಹಾ ಕುಡಿಯಲು ಹೋಗಿದ್ದೆ. ಅರ್ಧಕ್ಕೇ ಬಿಟ್ಟು ಓಡಿ ಬಂದೆ. ನೋಡಿದರೆ, ಪಕ್ಕದಲ್ಲಿ ಹಳೇ ಪುಸ್ತಕ ಮಾರುವ ಮುದುಕರು ಹಗ್ಗದ ಕೆಳಗಿಂದ ನುಸುಳಿ ಬೆಂಚಿನ ತುಂಬ ಪುಸ್ತಕ ಜೋಡಿಸಿದ್ದರು.

"ಚಾಚಾ, ಕೂರಬಾರದು ಅಂತ ಬರೆದಿದೆಯಲ್ಲ!" ಎಂದು ಹಿಂದಿಯಲ್ಲಿ ಕೂಗಿದೆ.

"ಮೈಂ ಕಾಂ ಬೈಠಾ ಬೇಟಿ? ಕಿತಾಬಾಂ ಬೈಠೇ," ಎಂದರು. ನಾನೆಲ್ಲಿ ಕೂತಿದ್ದೇನೆ ಮಗಳೇ, ಪುಸ್ತಕ ಕೂತಿವೆ.

ಮೇಸ್ತ್ರಿ ಕಾಕಾ ಬಗ್ಗಿ ಬೆಂಚಿನ ಕಾಲು ನೋಡಿ, ನನ್ನ ಕಿವಿಯಲ್ಲಿ ಹೇಳಿದರು: "ಇರ್ಲಿ ಬಿಡ್ರಿ ಅಕ್ಕಾರ. ಪುಸ್ತಕ ಎತ್ತಿಸಿದ್ರ ಮಂದಿ ಕೂಡ್ತಾರ. ಮಂದಿಗಿಂತ ಪುಸ್ತಕ ಹಗುರ."

ಹಾಗೆ ಮೂರು ದಿನ ಪುಸ್ತಕಗಳೇ ಬೆಂಚು ಕಾದವು. ನಾಲ್ಕನೆಯ ದಿನ ಚಾಚಾ ತಾವಾಗಿಯೇ ಒಂದು ಮೂಲೆಗೆ ಸರಿದು, ಉಳಿದ ಜಾಗ ಪ್ರಯಾಣಿಕರಿಗೆ ಬಿಟ್ಟುಕೊಟ್ಟರು. ನಾನು ನೆಮ್ಮದಿಯಿಂದ ಉಸಿರು ಬಿಟ್ಟೆ. ಹದಿನೈದು ದಿನ ಬಿಟ್ಟು ಆ ದಾರಿಯಲ್ಲಿ ಹೋದಾಗ ಅವರೇ ನನ್ನನ್ನು ತಡೆದು ನಿಲ್ಲಿಸಿದರು. ಮುಖ ಗಂಟಿಕ್ಕಿತ್ತು.

"ಮೊದಲು ಜನ ನಿಂತುಕೊಂಡು ಎರಡು ಪುಟ ನೋಡಿ, ಕಾಲು ನೋವು ಬಂತೆಂದು ಕೊಂಡು ಹೋಗುತ್ತಿದ್ದರು. ಈಗ ಕೂತು ಇಡೀ ಪುಸ್ತಕ ಮುಗಿಸುತ್ತಾರೆ. ನಿನ್ನೆ ಒಬ್ಬ ಕಾಲೇಜು ಹುಡುಗಿ ಮೂರು ಬಸ್ಸು ಬಿಟ್ಟಳು. ಓದಿ ವಾಪಸ್ ಇಟ್ಟು, ಕೊನೆ ಚೆನ್ನಾಗಿಲ್ಲ ಚಾಚಾ ಅಂದಳು!"

ನಾನೇನು ಮಾಡಲಿ ಎಂದು ಗಾಬರಿಯಿಂದ ಕೇಳಿದೆ.

"ಇದು ಹೋಗಲಿ. ಮುಂದಿನ ಬೆಂಚು ಎರಡು ಪುಟಕ್ಕೇ ಜಾರುವ ಹಾಗೆ ಸ್ವಲ್ಪ ಓರೆಯಾಗಿ ಹಾಕು ಬೇಟಿ."

ಹಿಮಾಯತ್‌ನಗರದ ಪೋಕರಿಗಳು

ಹಿಮಾಯತ್‌ನಗರದ ಒಂದು ಹಳೇ ಗಲ್ಲಿಗೆ ಒಂದೇ ಒಂದು ಬೆಂಚು ಮಂಜೂರಾಗಿತ್ತು. ಮೊದಲ ಮನೆಯ ಮುಂದೆ ಕಲ್ಲು ಇಳಿಸುವಷ್ಟರಲ್ಲಿ ಅದರ ಮಾಲೀಕರು, ಒಬ್ಬ ನಿವೃತ್ತ ಅಧಿಕಾರಿ, ಬನಿಯನ್ನಿನಲ್ಲೇ ಹೊರಗೆ ಬಂದರು. "ಇಲ್ಲಿ ಬೇಡವೇ ಬೇಡ. ಕೆಲಸವಿಲ್ಲದ ಪೋಕರಿಗಳು ಬಂದು ಕೂರುತ್ತಾರೆ. ಫೋಟೋ ತೆಗೆದು ಮೇಲಕ್ಕೆ ಕಳಿಸುತ್ತೇನೆ!" ಎಂದು ತೆಲುಗಿನಲ್ಲಿ ಗುಡುಗಿದರು. ಮೇಲಕ್ಕೆ ಎಂದರೆ ಎಲ್ಲಿಗೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕಲ್ಲು ಎತ್ತಿಸಿದೆ. ಎರಡನೆಯ ಮನೆಯವರೂ ಅದನ್ನೇ ಹೇಳಿದರು, ಮೂರನೆಯವರೂ, ನಾಲ್ಕನೆಯವರೂ. ಬಿಸಿಲು ನೆತ್ತಿಗೇರಿತು. ನಮ್ಮವರು ಬೆಂಚನ್ನು ಹೆಗಲ ಮೇಲೆ ಹೊತ್ತು ಗಲ್ಲಿಯಲ್ಲಿ ಮೇಲಕ್ಕೂ ಕೆಳಕ್ಕೂ ತಿರುಗಿದರು. "ಅಕ್ಕಾರ, ಇನ್ನೊಂದು ಸುತ್ತು ಹೊಡದ್ರ ಮಂದಿ ಹೂವು ಏರಿಸ್ತಾರ ನೋಡ್ರಿ," ಎಂದರು ಕಾಕಾ. ಕೊನೆಗೆ ಗಲ್ಲಿ ತುದಿಯಲ್ಲಿ, ಯಾರ ಮನೆಯೂ ಇಲ್ಲದ ಬೇವಿನ ಮರದ ಕೆಳಗೆ ಹಾಕಿ ಕೈಮುಗಿದು ಬಂದೆವು.

ಒಂದು ತಿಂಗಳಾಗಿತ್ತು. ಅದೇ ನಿವೃತ್ತ ಅಧಿಕಾರಿಯ ಫೋನು. ಆಯಿತು, ಮೇಲಕ್ಕೆ ಕಳಿಸಿಯೇಬಿಟ್ಟರು ಎಂದುಕೊಂಡೇ ಎತ್ತಿದೆ.

"ನಾನು ಅವತ್ತೇ ಹೇಳಿದ್ದೆ. ಆ ಬೆಂಚಿನ ಮೇಲೆ ದಿನಾ ಸಂಜೆ ಐದರಿಂದ ಎಂಟರವರೆಗೆ ಮೂವರು ಪೋಕರಿಗಳು ಕೂತಿರುತ್ತಾರೆ. ದೊಡ್ಡ ದನಿಯಲ್ಲಿ ಹರಟೆ, ನಗು. ದೂರು ಬರೆದುಕೋ."

"ಯಾರು ಸಾರ್? ಗುರುತು ಗೊತ್ತಿದೆಯಾ?"

"ಗೊತ್ತಿಲ್ಲದೆ ಏನು? ಎರಡನೆಯ ಮನೆ, ಮೂರನೆಯ ಮನೆ, ನಾಲ್ಕನೆಯ ಮನೆಯವರು. ನಾನು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ನನಗೆ ಜಾಗವೇ ಇರುವುದಿಲ್ಲ!"

ಕೊಂಡಾಪುರದ ಸಾರ್ವಜನಿಕರು

ಇಷ್ಟೆಲ್ಲ ಆದರೂ ಜನ ಕೂರುತ್ತಾರೆ ಎನ್ನುವ ಭಯಕ್ಕಿಂತ ದೊಡ್ಡ ಭಯ ಒಂದಿದೆ ಎಂದು ನನಗೆ ತಿಳಿದದ್ದು ಕೊಂಡಾಪುರದಲ್ಲಿ. ಅಲ್ಲಿ ಗಾಜಿನ ಆಫೀಸುಗಳ ಮುಂದೆ ಐದು ಬೆಂಚು ಹಾಕಿದ್ದೆವು. ಒಂದು ನರಪಿಳ್ಳೆಯೂ ಕೂರಲಿಲ್ಲ. ಹುಡುಗ ಹುಡುಗಿಯರು ಬೆಂಚಿನ ಪಕ್ಕದಲ್ಲೇ ಅರ್ಧ ಗಂಟೆ ನಿಂತು ಫೋನಿನಲ್ಲಿ ಮಾತಾಡಿ, ಬ್ಯಾಗನ್ನು ಬೆಂಚಿನ ಮೇಲೆ ಕೂರಿಸಿ, ತಾವು ನಿಂತೇ ಹೋಗುತ್ತಿದ್ದರು. ಅಷ್ಟರಲ್ಲಿ ಗುತ್ತಿಗೆದಾರರ ಫೋನು ಬಂತು: "ಗುರುವಾರ ಕಾರ್ಪೊರೇಷನ್ನಿನ ಸಾಹೇಬರು ನೋಡಲು ಬರುತ್ತಾರೆ. ಬೆಂಚು ಖಾಲಿ ಕಂಡರೆ ಮುಂದಿನ ಕೆಲಸ ಇಲ್ಲ. ಮೇಸ್ತ್ರಿ ಗ್ಯಾಂಗ್ ಊರಿಗೆ ಹೋಗಬಹುದು."

ಕಾಕಾನ ಮುಖ ನೋಡಲಾಗಲಿಲ್ಲ. ಯೋಚಿಸಿ ಯೋಚಿಸಿ ತಲೆ ಕೆಟ್ಟು, ಕೊನೆಗೆ ಕಾಕಿಗೆ, ಅಂದರೆ ಮೇಸ್ತ್ರಿಯ ಹೆಂಡತಿಗೆ, ಹೇಳಿದೆ: ಗ್ಯಾಂಗಿನ ಹೆಣ್ಣುಮಕ್ಕಳನ್ನೆಲ್ಲ ಒಳ್ಳೆ ಸೀರೆ ಉಡಿಸಿ ಕರೆದುಕೊಂಡು ಬಾ, ಬೆಂಚುಗಳ ಮೇಲೆ ಸುಮ್ಮನೆ ಕೂತಿರಿ. "ಯಾರು ಬಂದ್ರೂ ಏಳಬ್ಯಾಡ್ರಿ. ಸಾಹೇಬ್ರು ನೋಡಿ ಹೋಗೂ ತನಕ ಮಾತ್ರ."

ಗುರುವಾರ ಬೆಳಿಗ್ಗೆ ಎಲ್ಲರೂ ಬಂದು, ಫೋಟೋಕ್ಕೆ ಕೂತವರ ಹಾಗೆ ಮೊಣಕಾಲ ಮೇಲೆ ಕೈಯಿಟ್ಟು ಕೂತರು. ನಾನು ಚಹಾ ಬಂಡಿಯ ಹಿಂದೆ ನಿಂತು ರಸ್ತೆಯ ಕಡೆ ಇಣುಕುತ್ತಿದ್ದೆ.

"ಈ ಬಿಲ್ಡಿಂಗ್ ಕಟ್ಟೂವಾಗ ನಾಕ್ ವರ್ಷ ಇಲ್ಲೇ ಬುಟ್ಟಿ ಹೊತ್ತೀನಿ," ಎಂದು ಕಾಕಿ ಪಕ್ಕದವಳಿಗೆ ಹೇಳುವುದು ಕೇಳಿಸಿತು. "ಕುಂತಿದ್ದು ಇವತ್ತ ನೋಡವ್ವಾ."

ಅಷ್ಟರಲ್ಲಿ ಬಿಲ್ಡಿಂಗಿನ ಸೆಕ್ಯೂರಿಟಿಯವನು ಲಾಠಿ ಆಡಿಸುತ್ತ ಬಂದು, "ಉಠೋ, ಉಠೋ!" ಎಂದು ಎಬ್ಬಿಸಲು ನೋಡಿದ. ಕಾಕಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಇವಗೇನ್ ಆಗೇತಿ? ಮುಂಜಾನಿಂದ ಏನೂ ತಿಂದಿಲ್ಲ ಕಾಣತೈತಿ," ಎಂದಳು.

ಲಾಠಿ ಕೆಳಗಿಳಿಯಿತು. "ತಿಂದಿಲ್ರೀ ಅವ್ವಾ. ನಾ ಆಳಂದದಾವ," ಎಂದ ಅವನು, ನಮ್ಮ ಕಡೆಯ ಕನ್ನಡದಲ್ಲೇ, ಮೆಲ್ಲಗೆ.

ಕಾಕಿಯ ಬುತ್ತಿಗಂಟು ಬಿಚ್ಚಿತು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಸೆಕ್ಯೂರಿಟಿಯವನು ಕೂತ. ಅವನು ಕೂತದ್ದು ನೋಡಿ ಅವನ ಜೊತೆಗಾರ ಕೂತ. ಏನದು ಎಂದು ಕೇಳಲು ಬಂದ ಆಫೀಸಿನ ಇಬ್ಬರು ಹುಡುಗಿಯರು ರೊಟ್ಟಿ ಮುರಿದುಕೊಂಡು ಕೂತರು. ಹತ್ತು ನಿಮಿಷದಲ್ಲಿ ಐದೂ ಬೆಂಚಿನಲ್ಲಿ ಸೂಜಿ ಹಾಕಲು ಜಾಗವಿರಲಿಲ್ಲ.

ಆಗ ಸಾಹೇಬರು ಬಂದರು. ನಡೆದು ದಣಿದಿದ್ದರು. ಕಾಕಿಯ ಮುಂದೆ ನಿಂತು, "ಸ್ವಲ್ಪ ಸರೀತೀಯಾ ಅಮ್ಮಾ?" ಎಂದು ತೆಲುಗಿನಲ್ಲಿ ಕೇಳಿದರು. ಅವರೇ ಸಾಹೇಬರೆಂದು ಕಾಕಿಗೆ ಹೇಗೆ ಗೊತ್ತಾಗಬೇಕು? ತನಗೆ ಬರುವ ತೆಲುಗಿನಲ್ಲಿ, ಸಮಾಧಾನವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಈಗ ಜಾಗ ಇಲ್ಲ ಸಾರೂ. ಯಾರೋ ಸಾಹೇಬರು ನೋಡಲು ಬರುತ್ತಾರಂತೆ. ಅವರು ಹೋಗುವವರೆಗೆ ಏಳಬೇಡಿ ಅಂತ ನಮ್ಮ ಅಕ್ಕಾರು ಹೇಳಿದ್ದಾರೆ. ಅವರೊಬ್ಬರು ಬಂದು ಹೋಗಲಿ, ಆಮೇಲೆ ನೀವು ಮಲಗಿದರೂ ಕೇಳುವವರಿಲ್ಲ."

ಸಾಹೇಬರು ಐದೂ ಬೆಂಚಿನ ಮೇಲೆ ಕಣ್ಣಾಡಿಸಿದರು. ಆಮೇಲೆ, "ನಿಮ್ಮ ಅಕ್ಕಾರು ಎಲ್ಲಿ?" ಎಂದರು. ಕಾಕಿ ರೊಟ್ಟಿ ಹಿಡಿದ ಕೈಯಿಂದಲೇ ಚಹಾ ಬಂಡಿಯ ಕಡೆ ತೋರಿಸಿದಳು.

ಹೊರಗೆ ಬಂದು ನಿಂತೆ. "ಇವರೆಲ್ಲ ಯಾರು?" ಎಂದರು.

"ಸಾರ್ವಜನಿಕರು ಸಾರ್," ಎಂದೆ. ದನಿ ನನಗೇ ಕೇಳಿಸಲಿಲ್ಲ.

ಅವರು ಆಚೀಚೆ ನೋಡಿ, ನನ್ನ ಹತ್ತಿರ ಬಂದು, ನನಗಿಂತ ಸಣ್ಣ ದನಿಯಲ್ಲಿ ಹೇಳಿದರು:

"ಇದೇ ಸಾರ್ವಜನಿಕರನ್ನು ನಾಳೆಯೂ ಕರೆಸಮ್ಮಾ. ನಾಳೆ ನನ್ನ ಮೇಲಿನ ಸಾಹೇಬರು ಬರುತ್ತಿದ್ದಾರೆ."