ಭೂಮಿಗೆ ಕಟ್ಟಿದ ಕಾರು

"ಈ ಕಾರನ್ನ ಇವತ್ತು ನಾನೇ ರಿಪೇರಿ ಮಾಡ್ತೀನಿ! ಪರಮಾತ್ಮನೇ ಸ್ಪ್ಯಾನರ್ ಹಿಡಿದು ಬಂದ್ರೂ ಗೇಟಿನ ಆಚೆ ನಿಲ್ಲಿಸಿ!" ಎಂದು ವೆಂಕಟಾಚಲ ಅಹಮದಾಬಾದಿನ ವಸ್ತ್ರಾಪುರದ ತನ್ನ ವಸತಿ ಸೊಸೈಟಿಯ ಪಾರ್ಕಿಂಗಿನಲ್ಲಿ ಘೋಷಣೆ ಕೂಗಿದ.

ಸಿಟ್ಟು ಪರಮಾತ್ಮನ ಮೇಲಲ್ಲ, ಎದುರು ಮನೆಯ ಗುರುಕಿರಣನ ಮೇಲೆ. ಬ್ಯಾಂಕಿನಲ್ಲಿ ಮೊಹರು ಒತ್ತುವ ಆ ಹಾಸನದ ಪ್ರಾಣಿ, ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಹೋದ ವಾರ ಇದೇ ಕಾರಿನ ಹಾರ್ನ್ ಸರಿಮಾಡಿದ್ದ. ಅಂದಿನಿಂದ ವೆಂಕಟಾಚಲನ ಹೆಂಡತಿ ಪದ್ಮಾ ಹಾರ್ನ್ ಒತ್ತಿದಾಗಲೆಲ್ಲ, "ಏನು ಕೈಗುಣ ರೀ ಗುರುಕಿರಣ್‌ದು!" ಎನ್ನುತ್ತಿದ್ದಳು. ಅಹಮದಾಬಾದಿನ ಟ್ರಾಫಿಕ್ಕಿನಲ್ಲಿ ಹಾರ್ನ್ ಎಷ್ಟು ಸಲ ಒತ್ತಬೇಕು, ನೀವೇ ಯೋಚಿಸಿ! ಬಾಹ್ಯಾಕಾಶ ಸಂಸ್ಥೆಯ ಲ್ಯಾಬಿನಲ್ಲಿ ಕೂದಲು ನೆರೆಸಿಕೊಂಡವನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಈಗ ಬ್ಯಾಟರಿ ಪದೇ ಪದೇ ಮಲಗುತ್ತಿತ್ತು. ಮರುದಿನ ಸೂರತ್ತಿನಲ್ಲಿ ಪದ್ಮಾಳ ಅಕ್ಕ ಕಮಲಾಕ್ಷಿಯ ಗೃಹಪ್ರವೇಶ.

"ಸಂಜೆಯೊಳಗೆ ಸರಿಹೋಗದಿದ್ರೆ ಗುರುಕಿರಣ್ ಕಾರಲ್ಲಿ ಹೋಗ್ತೀನಿ. ಅವರೂ ಅವರ ಹೆಂಡತಿ ಶಾಂತಾನೂ ಹೇಗೂ ಸೂರತ್ತಿಗೇ ಹೊರಟಿದ್ದಾರೆ," ಎಂದಳು ಪದ್ಮಾ.

"ಅವನ ಕಾರಲ್ಲಾ? ಅದಕ್ಕಿಂತ ಎತ್ತಿನ ಗಾಡಿ ವಾಸಿ!"

"ಎತ್ತು ಎದುರಿಗೇ ಇದೆ. ಗಾಡಿ ಎಲ್ಲಿ?"

ವೆಂಕಟಾಚಲ ಹಲ್ಲು ಕಚ್ಚಿಕೊಂಡು, ಗುಜರಿ ಬಜಾರಿನಿಂದ ತಂದಿದ್ದ ಆಸಿಲೋಸ್ಕೋಪನ್ನು ಹೊತ್ತು ತಂದ. ವಿದ್ಯುತ್ತನ್ನು ಅಲೆಅಲೆಯಾಗಿ ಪರದೆಯ ಮೇಲೆ ತೋರಿಸುವ ಪೆಟ್ಟಿಗೆ ಅದು. ಗೋಡೆಯ ಮೂರು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿದ. ಲ್ಯಾಬಿನಲ್ಲಿ ಮೇಜು, ಯಂತ್ರ, ಕೊನೆಗೆ ಕೂತವನ ಮಣಿಕಟ್ಟನ್ನೂ ತಂತಿಯಿಂದ ಭೂಮಿಗೆ ಕಟ್ಟುವುದು ಪದ್ಧತಿ. ಕಾರನ್ನು ಬಿಟ್ಟಾನೆಯೇ? ಪಂಪ್ ಕೋಣೆಯ ಅರ್ತಿಂಗ್ ಪೈಪಿನಿಂದ ದಪ್ಪ ತಂತಿ ಎಳೆದು, ಕಾರಿನ ಬಾಡಿಯನ್ನು ಎಮ್ಮೆ ಕಟ್ಟಿದಂತೆ ಕಟ್ಟಿದ. ಇನ್ನು ಸ್ಕೋಪಿನ ಕಪ್ಪು ಕ್ಲಿಪ್ಪನ್ನು ಕಾರಿನ ಬಾಡಿಗೆ, ಅಳೆಯುವ ಮೊನೆಯನ್ನು ಬ್ಯಾಟರಿಯ ಪ್ಲಸ್ಸಿಗೆ ಹಾಕುವುದಷ್ಟೇ ಬಾಕಿ. ಆ ಕ್ಲಿಪ್ಪು ಒಳಗೊಳಗೇ ಭೂಮಿಗೆ ಸೇರಿರುತ್ತದೆ, ಅಪ್ಪಿತಪ್ಪಿಯೂ ಪ್ಲಸ್ಸಿಗೆ ಕಚ್ಚಿಸಬೇಡಿ ಎಂದು ವರ್ಷವರ್ಷವೂ ಹೊಸಬರಿಗೆ ಪಾಠ ಹೇಳುವವನೂ ಇವನೇ!

ಅಷ್ಟರಲ್ಲಿ ಗುರುಕಿರಣ ಅಂಗೈಯಗಲದ ಮೀಟರ್ ಹಿಡಿದು ಬಂದ.

"ಸಾರ್, ಇದು ಸೆಲ್ಲಲ್ಲಿ ಓಡೋದು. ಗೋಡೆ, ಭೂಮಿ ಯಾವುದರ ಹಂಗೂ ಇಲ್ಲ. ಒಂದ್ಸಲ ನೋಡ್ಲಾ?"

"ಆಟದ ಸಾಮಾನು ಮಕ್ಕಳಿಗೆ ಕೊಡ್ರೀ!"

"ಅವರ ಮಾತು ಬಿಡಿ ಗುರುಕಿರಣ್," ಎಂದಳು ಪದ್ಮಾ, ಮದುವೆಯಾದ ಹೊಸದರಲ್ಲಿ ಮಾತ್ರ ಗಂಡ ಕೇಳಿದ್ದ ದನಿಯಲ್ಲಿ. "ಕಾಫಿ ತರ್ಲಾ? ಈಗಷ್ಟೇ ಡಿಕಾಕ್ಷನ್ ಇಳಿದಿದೆ."

ಡಿಕಾಕ್ಷನ್! ಬೆಳಿಗ್ಗೆಯಿಂದ ಗಂಡನಿಗೆ ಸಿಕ್ಕಿದ್ದು ಟೀ ಪುಡಿಯ ಕಷಾಯ! ವೆಂಕಟಾಚಲನ ಕಣ್ಣು ಆ ಬ್ಯಾಂಕಿನವನ ನಗುವಿನ ಮೇಲೆ ನಟ್ಟಿತು. ಕೈ ತನ್ನ ಪಾಡಿಗೆ ತಾನು ಕಪ್ಪು ಕ್ಲಿಪ್ಪನ್ನು ಪ್ಲಸ್ಸಿಗೆ ಕಚ್ಚಿಸಿತು.

ಢಂ! ಬ್ಯಾಟರಿಯ ಕಸುವೆಲ್ಲ ಕ್ಲಿಪ್ಪಿನಿಂದ ಸ್ಕೋಪಿಗೆ, ಸ್ಕೋಪಿನಿಂದ ಗೋಡೆಗೆ, ಗೋಡೆಯಿಂದ ಭೂಮಿಗೆ ನುಗ್ಗಿ, ಅವನೇ ಕಟ್ಟಿದ ತಂತಿ ಹಿಡಿದು ಬ್ಯಾಟರಿಯ ಮೈನಸ್ಸು ಸೇರಿದ್ದ ಕಾರಿನ ಮೈಗೆ ಮೆರವಣಿಗೆ ಬಂತು! ಕ್ಲಿಪ್ಪಿನ ತಂತಿ ಕೆಂಪಗೆ ಕಾದು, ಕಾರಿನ ವೈರುಗಳ ಮೇಲೆ ಬಿದ್ದು ಅವನ್ನೂ ಕರಗಿಸಿತು. ಸ್ಕೋಪು ಹೊಗೆ ಬಿಟ್ಟು ಪ್ರಾಣ ಬಿಟ್ಟಿತು.

ವಾಚ್‌ಮನ್ ಓಡಿಬಂದ. "ಸಾಹೇಬ್, ದಿವಾಳೀ ವಹೇಲೀ ಆವೀ ಗಈ?"

ದೀಪಾವಳಿಯೇನೂ ಬೇಗ ಬಂದಿರಲಿಲ್ಲ, ಮಾನ ಹೋಗಿತ್ತು. ಕಾರನ್ನು ಭೂಮಿಗೆ ಕಟ್ಟದೆ ಟೈರಿನ ಮೇಲೆ ಸುಮ್ಮನೆ ಬಿಟ್ಟಿದ್ದರೆ ಕಿಡಿಯೂ ಹಾರುತ್ತಿರಲಿಲ್ಲವೆಂದು ಹೊಳೆದಾಗ, ವೆಂಕಟಾಚಲ ಆ ದಪ್ಪ ತಂತಿಯನ್ನು ಬಿಚ್ಚಿ ಪಂಪ್ ಕೋಣೆಯೊಳಗೆ ಅಡಗಿಸಿಟ್ಟ.

ಮರುದಿನ ಗುರುಕಿರಣನ ಕಾರಿನ ಹಿಂದಿನ ಸೀಟಿನಲ್ಲಿ, ಉಡುಗೊರೆಯ ಕುಕ್ಕರ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ವೆಂಕಟಾಚಲ. ವಡೋದರಾ ಹತ್ತಿರ ಬಿಸಿಗಾಳಿ ಮುಖಕ್ಕೆ ರಾಚಿತು. ಗಾಜು ಏರಿಸೋಣವೆಂದು ಬಾಗಿಲ ಗುಂಡಿಯತ್ತ ಬೆರಳು ಚಾಚಿದ, ಅಷ್ಟೇ.

ಪದ್ಮಾ, ಶಾಂತಾ, ಗುರುಕಿರಣ ಒಟ್ಟಿಗೇ ಕಿರುಚಿದರು: "ಮುಟ್ಟಬೇಡಿ!"