ಡ್ರೈವರ್ ಚಹಾ ಕುಡಿಯೂತನಕಾ ವಿಮಾನ ಬಿಡೂದಿಲ್ಲ

ನಾನು, ನಮ್ಮಾಕಿ ಕೂಡಿ ಬೈಲಹೊಂಗಲ ದಾಟಿದಿವಿ ಅಂದ್ರ ಏನರ ಒಂದು ಆಗಾಕ ಬೇಕು. ಸವದತ್ತಿಗೆ ಹೋದ್ರೂ ಆಗತೈತಿ, ಕಿತ್ತೂರಿಗೆ ಹೋದ್ರೂ ಆಗತೈತಿ. ಎಪ್ಪತ್ತರ ದಶಕದಾಗ ಲಂಡನ್ನಿಗೆ ಹೊಂಟಾಗ ಆಗದ ಬಿಟ್ಟೀತೇನು?

ಲಂಡನ್ನಿನ್ಯಾಗಿದ್ದ ಮಗಳು ಚೊಚ್ಚಲ ಬಸುರಿ. ದಿನ ತುಂಬಾಕ ಬಂದಿದ್ದವು, ಆಕಿ ಊರಿಗೆ ಬರೂಹಂಗಿರಲಿಲ್ಲ. ಚೊಚ್ಚಲ ಬಾಣಂತನ ಅಂದ್ರ ತವರಿನವರದು. ನಮ್ಮಾಕಿ ಸೆರಗು ಬಿಗದು ನಿಂತ್ಲು. "ಮಗಳು ತವರಿಗೆ ಬರಲಿಲ್ಲಂದ್ರ ತವರ ಆಕಿ ಕಡೆ ಹೋಗತೈತಿ. ಹೆರಿಗಿ ಹೊತ್ತಿಗೆ ನಾ ಅಲ್ಲಿರಬೇಕು, ಅಷ್ಟ!" ಅಂದ್ಲು. ಪ್ಯಾಟ್ಯಾಗ ಅರಳಿ-ಹತ್ತಿ ವ್ಯಾಪಾರದಾಗ ನಾ ಯಾರಿಗೂ ಸೋತಾಂವಲ್ಲ. ಮನ್ಯಾಗ ಆಕಿ "ಅಷ್ಟ" ಅಂದ್ರ ಮುಂದ ಮಾತಿಲ್ಲ.

೧. ನಡುವ ನಿಲ್ಲದ ಗಾಡಿ

ಮುಂಬಯಿಯೊಳಗ ಟಿಕೀಟಿನ ಏಜೆಂಟನ ಮುಂದ ಆಕಿ ಒಂದ ಕರಾರು ಹಾಕಿದ್ಲು. ವಿಮಾನ ನಡುವ ಎಲ್ಲೂ ನಿಲ್ಲಬಾರದು. ಅದಕ್ಕ ಕಾರಣ ಯರಗಟ್ಟಿ. ಒಮ್ಮೆ ರಾಮದುರ್ಗದಿಂದ ಬರೂಮುಂದ ನೀರು ಕುಡ್ಯಾಕಂತ ಅಲ್ಲಿ ಇಳದಿದ್ವಿ. ತಿರುಗಿ ನೋಡೂದ್ರಾಗ ಬಸ್ಸು ನಮ್ಮ ಗಂಟು-ಮೂಟಿ ಸಮೇತ ಹೋಗಿಬಿಟ್ಟಿತ್ತು.

ಏಜೆಂಟ ಮರಾಠಿಯೊಳಗ ತಿಳಿಸಿ ಹೇಳಿದ. "ಬಾಯಿ, ನಿಲ್ಲದ ವಿಮಾನದಾಗ ಸೀಟಿಲ್ಲ. ಇದು ರೋಮಿನ್ಯಾಗ ಒಮ್ಮೆ ಇಳೀತದ. ಎಣ್ಣಿ ತುಂಬಿಸಬೇಕು."

"ಇಲ್ಲೇ ತುಂಬಿಸಿಕೊಂಡು ಹೋಗಾಕ ಏನ್ ಧಾಡಿ? ನಾವು ಪರ ಊರಿಗೆ ಹೊಂಟ್ರ ಬುತ್ತಿ ಮನ್ಯಾಗ ಕಟಗೊಂಡು ಹೋಗತೇವಿ. ದಾರ್ಯಾಗ ಒಲಿ ಹೂಡತೇವೇನು?"

ಏಜೆಂಟ ನನ್ನ ಮಾರಿ ನೋಡಿದ. ನಾ ಮ್ಯಾಲಿನ ಫ್ಯಾನ್ ನೋಡಿದೆ. ರೋಮಿನ ಟಿಕೀಟ ತಗೊಂಡ್ವಿ, ಆದ್ರ ಆಕಿ ಕಡೀತನಕಾ ಅಂದದ್ದು ಒಂದ ಮಾತು, "ನಾ ಮಾತ್ರ ಇಳಿಯಾಕಿ ಅಲ್ಲ."

೨. ಟವಲ್ಲಿನ ಕಾಯ್ದೆ

ವಿಮಾನಕ್ಕ ನಿಚ್ಚಣಿಕಿ ಹಚ್ಚೂದು ತಡ, ನಮ್ಮಾಕಿ ನನ್ನ ಹೆಗಲ ಮ್ಯಾಲಿನ ಟವಲ್ ಕಸಗೊಂಡು ಓಡಿದ್ಲು. ನಾ ಏದುಸಿರು ಬಿಟಗೋತ ಹತ್ತಿ ನೋಡತೇನಿ, ಎಲ್ಲಾಕಿಂತ ಮುಂದಿನ ದೊಡ್ಡ ಮೆತ್ತನ್ನ ಸೀಟಿನ ಮ್ಯಾಲೆ ಟವಲ್ ಹಾಸಿ ಕುಂತಾಳ!

ಗಗನಸಖಿ ಬಂದು, "ನಿಮ್ಮ ಸೀಟು ಹಿಂದದ" ಅಂದ್ಲು. ನಮ್ಮಾಕಿ, "ಟವಲ್ ಹಾಕೇನಲ್ಲ, ಕಾಣವಲ್ಲದೇನು?" ಅಂದ್ಲು.

ಬಾಜೂಕ ಒಬ್ಬ ಸೂಟು ಹಾಕಿದ ಗೃಹಸ್ಥರು ಸುಮ್ಮನ ನಿಂತಿದ್ರು. ಸೀಟು ಅವರದಂತ. ನನಗ ನಾಚಿಗ್ಯಾತು. "ನಿಂತೀರ್ಯಾಕ್ರಿ? ಎಬ್ಬಿಸಬೇಕಿಲ್ಲೋ?" ಅಂದೆ.

ಅವರು ಉಸಿರು ಬಿಟ್ಟು ಅಂದ್ರು, "ಹೆಂಗ ಎಬ್ಬಿಸಲ್ರಿ? ಟವಲ್ ಬಿದ್ದುಬಿಟ್ಟೈತಿ. ನಾನೂ ನಿಮ್ಮ ಕಡ್ಯಾಂವನ, ಗೋಕಾಕದಾಂವ!"

೩. ಡ್ರೈವರನ ಬೆನ್ನು ಹತ್ತಿ

ರೋಮಿನ್ಯಾಗ ಎಲ್ಲಾರನೂ ಇಳಿಸಿದ್ರು. ಒಳಗ ಗಾಜಿನ ಬಾಗಿಲ, ತಾನ ಏರೂ ಮೆಟ್ಟಲಾ, ಅತ್ತಾಗೊಂದು ಬಾಣ, ಇತ್ತಾಗೊಂದು ಬಾಣ. ಮೈಕಿನ್ಯಾಗ ಇಟಲಿ ಮಾತಿನ್ಯಾಗ ಹೇಳಿದ್ದು ನನಗ ಒಂದಕ್ಷರ ತಿಳೀಲಿಲ್ಲ. ಖರೇನ ಅಂಜಿದೆ.

ನಮ್ಮಾಕಿ ಅಂಜಲಿಲ್ಲ. ಬಾಣಂತಿಗೆ ಅಂತ ಮಾಡಿದ ಅಂಟಿನುಂಡಿ ಡಬ್ಬಿ ಕಂಕಳದಾಗ ಇಟಗೊಂಡು, "ಬೋರ್ಡು ಗೀರ್ಡು ಬಿಡ್ರಿ. ಡ್ರೈವರ್ ಎಲ್ಲದಾನ ನೋಡ್ರಿ. ಡ್ರೈವರ್ ಚಹಾ ಕುಡಿಯೂತನಕಾ ಗಾಡಿ ಬಿಡೂದಿಲ್ಲ. ಯರಗಟ್ಟಿಯೊಳಗ ಕಲತ ಬುದ್ಧಿ ಇದು" ಅಂದ್ಲು.

ನನಗೂ ಖರೇ ಅನ್ನಿಸ್ತು. ನಮ್ಮ ಪೈಲಟ್ ಸಾಹೇಬ್ರು ಬಂಗಾರದ ಪಟ್ಟಿ ಟೊಪಗಿ ಇಟಗೊಂಡು ಕಾಫಿ ಕುಡ್ಯಾಕ ಹತ್ತಿದ್ರು. ಎದರ ಕುಂತ್ವಿ. ಅವರು ಎದ್ರು, ನಾವೂ ಎದ್ವಿ. ಅವರು ಮೂತ್ರಕ್ಕ ಹೋದ್ರು, ನಮ್ಮಾಕಿ ನನ್ನೂ ಒಳಗ ದಬ್ಬಿದ್ಲು. ಆಮ್ಯಾಲೆ ಒಂದು ಸಣ್ಣ ಬಾಗಿಲದಾಗ ಅವರು ಹಾದ್ರು. ಪೋಲೀಸ ಸಲಾಮ ಹೊಡದ. ಬೆನ್ನಿಗೆ ನಾವಿದ್ವಿ, ನಮಗೂ ಹೊಡದ.

ಹೊರಗ ಬಂದು ಪೈಲಟ್ ತಮ್ಮ ಕಾರಿನ ಬಾಗಿಲ ತಗದ್ರು. ನಮ್ಮಾಕಿ ಹಿಂದಿನ ಬಾಗಿಲ ತಗದು ಕುಂತ್ಲು.

"ಯಾರು ನೀವು?" ಅಂತ ಗಾಬರ್ಯಾಗಿ ಇಂಗ್ಲಿಷಿನ್ಯಾಗ ಕೇಳಿದ್ರು.

"ನಿಮ್ಮ ಪ್ಯಾಸೆಂಜರ್ರು. ಲಂಡನ್ನಿಗೆ ಹೋಗಬೇಕು" ಅಂದೆ.

"ನನ್ನ ಡ್ಯೂಟಿ ಮುಗೀತು! ನಾ ಮನಿಗೆ ಹೊಂಟೇನಿ. ಮುಂದ ಬ್ಯಾರೆ ಪೈಲಟ್ ಒಯ್ಯತಾನ!"

ನಾ ಕನ್ನಡದಾಗ ಹೇಳಿದ ಕೂಡಲೇ ನಮ್ಮಾಕಿ ಹಣಿ ಬಡಕೊಂಡ್ಲು. "ಅಯ್ಯ ಶಿವನ! ಡ್ರೈವರ್ ಬದಲಿ ಆದ್ರ ಹೇಳೂದಿಲ್ಲೇನ್ರಿ ಇವರು?" ಅಂದಾಕಿನ ಕಾರಿನಿಂದ ಜಿಗದು ಆ ಮನಿಶಾನ ತೋಳು ಹಿಡದ್ಲು. ಡಬ್ಬಿ ತೋರಿಸಿದ್ಲು, ಹೊಟ್ಟಿ ತೋರಿಸಿದ್ಲು, ಕೂಸು ತೂಗಿದಂಗ ಕೈ ತೂಗಿದ್ಲು. ಕಣ್ಣಾಗ ನೀರು ಬಂದಿತ್ತು, ಹಿಡತ ಮಾತ್ರ ಸಡಲಿರಲಿಲ್ಲ.

ಪುಣ್ಯಾತ್ಮ! ನಮ್ಮ ಚೀಲ ತಾನ ಹೊತಗೊಂಡು ಓಡಿದ. ತಗದಿದ್ದ ನಿಚ್ಚಣಿಕಿ ತಿರುಗಿ ಹಚ್ಚಿಸಿ ನಮ್ಮನ್ನ ಹತ್ತಿಸಿದ. ನಮ್ಮಾಕಿ ಅವನ ಕೈಯಾಗ ಒಂದು ಅಂಟಿನುಂಡಿ ಇಟ್ಲು. ಒಳಗ ಹೋದಾಕಿ ತನ್ನ ಸೀಟು ಹುಡುಕಲಿಲ್ಲ. ಮೊದಲ ಗಗನಸಖಿನ್ನ ಕೇಳಿದ್ಲು, "ಈ ಡ್ರೈವರ್ ಲಂಡನ್ ತನಕಾ ಬರತಾನೋ, ಇಲ್ಲಾ ಇವನೂ ನಡುವ ಮನಿಗೆ ಹೋಗಾಂವನೋ?"

೪. ಕಡೀ ಸ್ಟಾಪು

ವಿಮಾನ ಇಳದ್ವಿ, ಕರಿಯಾಕ ಬಂದಿದ್ದ ಅಳಿಯ ನೆಟ್ಟಗ ದವಾಖಾನಿಗೆ ಕರಕೊಂಡು ಹೋದ. ಮಗಳಿಗೆ ಬ್ಯಾನಿ ಸುರುವಾಗಿದ್ದವು. ಅವ್ವನ ಮಾರಿ ನೋಡಿದ ಕೂಡಲೇ ಆಕಿ ಕೈ ಗಟ್ಟಿ ಹಿಡಕೊಂಡು ಅತ್ಲು. ಹೆರಿಗಿಗಿಂತ ಮೊದಲ ಮುಟ್ಟಿದ್ವಿ, ಅಷ್ಟ ಸಾಕಾತು.

ಆ ಹೊತ್ತಿಗೆ ಅಲ್ಲಿನ ಡಾಕ್ಟರಬಾಯಿ ಕೋಟು ಕಳದು, ನಕ್ಕೋತ ಏನೋ ಹೇಳಿ ಬಾಗಿಲ ಕಡೆ ಹೊಂಟ್ಲು.

"ಏನಂದ್ಲ ಇಕಿ?" ಅಂತ ನಮ್ಮಾಕಿ ಮಗಳನ್ನ ಕೇಳಿದ್ಲು.

"ಡ್ಯೂಟಿ ಮುಗೀತಂತ ಅವ್ವಾ. ಮನಿಗೆ ಹೊಂಟಾಳಂತ."

ನಮ್ಮಾಕಿ ಎದ್ದಾಕಿನ ಬಾಗಿಲಕ್ಕ ಅಡ್ಡ ಎರಡೂ ಕೈ ಚಾಚಿ ನಿಂತ್ಲು. "ರೀ, ನೋಡಕೋತ ಏನ್ ನಿಂತೀರಿ? ಇಕಿ ಚೀಲ ಹಿಡಕೋರಿ! ಮುಂದಿನ ಡ್ರೈವರ್ ಬಂದು ಸೀಟಿನ ಮ್ಯಾಲೆ ಕುಂದ್ರೂತನಕಾ ಈ ಡ್ರೈವರನ್ನ ಬಿಡಬ್ಯಾಡ್ರಿ!"