ಬ್ಲಾಗಿನ ತಿಪ್ಪಮ್ಮಜ್ಜಿ

"ಗುಬ್ಬಿ ಕಡೆ ಬಂದ್ರೆ ನಮ್ಮನೇಗ್ ಬನ್ರವ್ವ, ಒಂದ್ ಲೋಟ ಮಜ್ಜಿಗೆ ಕುಡ್ಕೊಂಡ್ ಹೋಗೀರಂತೆ" ಎಂದು ರೇಣುಕಾಪ್ರಸಾದ್ ತನ್ನ ಬ್ಲಾಗಿನ ಕೊನೆಗೆ ಬಾಯಿಮಾತಿಗೆ ಒಂದು ಸಾಲು ಸೇರಿಸಿದ್ದ. ಕುಣಿಗಲ್ಲಿನ ಸುಮನಾ ಎಂಬ ಕಾಲೇಜು ಉಪನ್ಯಾಸಕಿ ಅದನ್ನು ಓದಿ, ಭಾನುವಾರ ತಿಪ್ಪಮ್ಮಜ್ಜಿಯ ಕೈ ಮಜ್ಜಿಗೆ ಕುಡಿಯಲು ಬರುತ್ತೇನೆ ಎಂದು ಉತ್ತರ ಬರೆದರು.

ಬಂದರೆ ಬರಲಿ, ಅದಕ್ಕೇನಂತೆ ಎನ್ನಬಹುದು. ಮಜ್ಜಿಗೆಗೆ ತೊಂದರೆ ಇರಲಿಲ್ಲ. ಅಜ್ಜಿಯೇ ಇರಲಿಲ್ಲ.

ರೇಣುಕಾಪ್ರಸಾದ್ ತುಮಕೂರಿನ ಹತ್ತಿರದ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಗುಮಾಸ್ತ. ಮದುವೆಯಾಗಿರಲಿಲ್ಲ, ಗುಬ್ಬಿಯಲ್ಲಿ ಒಬ್ಬನೇ ಇದ್ದ. ಮೊದಮೊದಲು ತನ್ನ ಹೆಸರಿನಲ್ಲೇ ಬ್ಲಾಗು ಬರೆಯುತ್ತಿದ್ದ. ಒಂದು ವಾರ ದೇಶದ ಆರ್ಥಿಕ ಸ್ಥಿತಿ, ಮುಂದಿನ ವಾರ ಹನಿಗವನ. ಪುಟದ ತುಂಬ ಮಿನುಗುವ ನಕ್ಷತ್ರ, ಹಾರಾಡುವ ಚಿಟ್ಟೆ, ಸಾಲಿಗೊಂದು ಬಣ್ಣ. ಗಣೇಶನ ಪೆಂಡಾಲಿಗೆ ಸೀರಿಯಲ್ ಸೆಟ್ ಬಿಟ್ಟ ಹಾಗಿತ್ತು. ಅದನ್ನು ಓದುತ್ತಿದ್ದವನೂ ಅವನೊಬ್ಬನೇ.

ತುಮಕೂರು ಬಸ್ ಸ್ಟ್ಯಾಂಡ್ ಹತ್ತಿರ ಸೈಬರ್ ಸೆಂಟರ್ ನಡೆಸುತ್ತಿದ್ದ ಅರ್ಶಿಯಾ ಒಂದು ಸಂಜೆ ಆ ಪುಟ ನೋಡಿ ಸಹಿಸಲಾರದೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ಚಿಟ್ಟೆ ಹಾರಿಹೋಯಿತು, ನಕ್ಷತ್ರ ಉದುರಿತು. ಉಳಿದದ್ದು ಸುಟ್ಟ ಮಣ್ಣಿನ ಬಣ್ಣ, ಮೇಲೊಂದು ಒಲೆಯ ಚಿತ್ರ, ಕಣ್ಣಿಗೆ ಹಿತವಾದ ಅಕ್ಷರ. ಎಣ್ಣೆ ನೀರು ಹಾಕಿ ತಲೆ ಬಾಚಿದ ಮಗುವಿನಂತೆ ಪುಟ ಲಕಲಕ ಎಂದಿತು.

"ಒಂದೇ ಹೆಸ್ರು, ಒಂದೇ ಬಣ್ಣ, ಒಂದೇ ದನಿ ಇರ್ಬೇಕು ಅಣ್ಣ," ಎಂದಳು. "ದಿನಕ್ಕೊಂದ್ ವೇಷ ಹಾಕಿದ್ರೆ ಓದೋರು ಯಾರನ್ನ ನೋಡೋಕ್ ಬರ್ತಾರೆ?"

ಆಗ ಹುಟ್ಟಿದವಳು ತಿಪ್ಪಮ್ಮಜ್ಜಿ. ಎಪ್ಪತ್ತು ದಾಟಿದ ವಿಧವೆ, ಅಡುಗೆ ಹೇಳುತ್ತ ಹೇಳುತ್ತ ಊರ ಸುದ್ದಿಯನ್ನೂ ಬಡಿಸುವವಳು. ಹಾಲು ಕಾಯಲಿಟ್ಟರೆ ಉಕ್ಕಿಸಿಬಿಡುತ್ತಿದ್ದ ಮನುಷ್ಯ ಉಪ್ಸಾರಿನ ಹದ ಹೇಳತೊಡಗಿದ. ದಾವಣಗೆರೆಯಿಂದ ದುಬೈವರೆಗೆ ಓದುಗರಾದರು. ಎರಡು ವರ್ಷ ಅವನು ಅಜ್ಜಿಯ ದನಿ ಬಿಟ್ಟು ಒಂದಕ್ಷರ ಬರೆಯಲಿಲ್ಲ. ಬದುಕಿನಲ್ಲಿ ಅವನು ಮನಸ್ಸಿಟ್ಟು ಚೆನ್ನಾಗಿ ಮಾಡಿದ ಕೆಲಸ ಅದೊಂದೇ. ಸುಳ್ಳೆಂದು ತಿಳಿದರೆ ಓದುಗರೆಲ್ಲ ಒಂದೇ ದಿನಕ್ಕೆ ಎದ್ದು ಹೋಗುತ್ತಾರೆ. ಬರುತ್ತಿದ್ದ ಸುಮನಾ ಬೇರೆ, ಕನ್ನಡ ಬ್ಲಾಗುಗಳ ಬಗ್ಗೆಯೇ ಅಂತರ್ಜಾಲದಲ್ಲಿ ಬರೆಯುತ್ತಿದ್ದವರು.

ಉತ್ತರಿಸದಿದ್ದರೆ ಸುಮ್ಮನಾಗುತ್ತಾರೆಂದು ಕೂತ. ಅವರು ಪುಟದ ಅಡಿಯಲ್ಲಿ ಅರ್ಶಿಯಾ ಹಾಕಿದ್ದ ಸೈಬರ್ ಸೆಂಟರಿನ ನಂಬರಿಗೆ ಫೋನ್ ಮಾಡಿದರು. ತಿಪ್ಪಮ್ಮ ರೇಣುಕಾಪ್ರಸಾದನ ಸ್ವಂತ ಅಜ್ಜಿಯೆಂದೇ ನಂಬಿದ್ದ ಅರ್ಶಿಯಾ ಸಂತೋಷದಿಂದ ವಿಳಾಸ ಕೊಟ್ಟಳು.

ಭಾನುವಾರ ಬೆಳಗಾಗುತ್ತಲೇ ಅವನು ಪಕ್ಕದ ಮನೆಯ ಹನುಮಕ್ಕನ ಮುಂದೆ, ಒಂದು ದಿನದ ಮಟ್ಟಿಗೆ ತಿಪ್ಪಮ್ಮಜ್ಜಿಯಾಗಬೇಕೆಂದು ಕೈಮುಗಿದು ನಿಂತ. ಶಾಲೆಯಲ್ಲಿ ಆಯಾ ಆಗಿದ್ದು ನಿವೃತ್ತಳಾದ ಹನುಮಕ್ಕನಿಗೆ ಸೊಸೆ ದಾಕ್ಷಾಯಣಿ ಬಂದಂದಿನಿಂದ ಒಲೆಯ ಗೊಡವೆ ಇರಲಿಲ್ಲ. ಆದರೆ ಅವಳು ಮಾತಿಗೆ ಕೂತರೆ ಹೊರಟ ಬಸ್ಸಿನ ಕಂಡಕ್ಟರೂ ಸೀಟಿ ಊದುವುದನ್ನು ಮರೆಯುತ್ತಿದ್ದ. ಅವನು ಬ್ಲಾಗಿನ ನಾಲ್ಕಾರು ಪುಟ ಓದಿ ಹೇಳಿದ. ಹನುಮಕ್ಕ ಗಲ್ಲದ ಮೇಲೆ ಕೈಯಿಟ್ಟು ಕೇಳಿದಳು.

"ಅಂದ್ರೆ ನಮ್ಮೆಜಮಾನ್ರನ್ನ ಸಾಯ್ಸಿದೀಯ?"

ಅದು ತಿಪ್ಪಮ್ಮನ ಗಂಡ ಎಂದು ಅವನು ತೊದಲಿದ.

"ಇವತ್ತೊಂದಿನ ತಾನೆ, ಇರ್ಲಿ ಬುಡು," ಎಂದು ಅವಳು ಸೀರೆ ಬದಲಾಯಿಸಲು ಒಳಗೆ ಹೋದಳು.

ಸುಮನಾ ಕ್ಯಾಮೆರಾ ಹಿಡಿದು ಬಂದರು. ರೇಣುಕಾಪ್ರಸಾದನ ಹಜಾರದಲ್ಲಿ ಹನುಮಕ್ಕ ಮಠದ ಸ್ವಾಮಿಗಳ ಹಾಗೆ ಕೂತಿದ್ದಳು. ಮಜ್ಜಿಗೆ ಬಂತು, ಮಾತು ಶುರುವಾಯಿತು. ಅಷ್ಟರಲ್ಲಿ ಎದುರುಮನೆಯ ಚನ್ನಬಸವಯ್ಯ ಕಿಟಕಿಯಲ್ಲಿ ಇಣುಕಿ, ಹನುಮಕ್ಕ ಇಲ್ಲೇನು ಮಾಡುತ್ತಿದ್ದೀಯ ಎಂದು ಕೇಳಿದರು. ರೇಣುಕಾಪ್ರಸಾದ್ ಎದ್ದು ಕಿಟಕಿಯತ್ತ ಧಾವಿಸಿದ.

ಹನುಮಕ್ಕ ಮಾತ್ರ ಅಲುಗಲಿಲ್ಲ. "ಹನುಮಕ್ಕ ನಮ್ಮಕ್ಕ ಕಣವ್ವ, ಹೆಬ್ಬೂರಿಗೋಗವ್ಳೆ. ಇಬ್ರೂ ಒಂದೇ ಅಚ್ಚು. ಊರೋರೆಲ್ಲ ಹಿಂಗೇ ಮೋಸ ಹೋಗ್ತಾರೆ."

ಮೂವತ್ತು ವರ್ಷ ಅವಳ ಎದುರಿಗೇ ಬಾಳಿದ ಚನ್ನಬಸವಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ನೋಡಿ, ಕ್ಷಮೆ ಕೇಳಿ ಹೋದರು.

ಅವರ ಹಿಂದೆಯೇ ಅವಳ ಗಂಡ ಅಣ್ಣಯ್ಯಪ್ಪ ತಿಂಡಿ ಕೇಳಿಕೊಂಡು ಒಳಗೆ ಬಂದ. ಅವನಿಗೆ ಕಿವಿ ಮಂದ. ಅಕ್ಕ ಊರಲ್ಲಿಲ್ಲದಾಗ ಭಾವನಿಗೆ ತಾನೇ ಇಕ್ಕಬೇಕೆಂದು ಹನುಮಕ್ಕ ಸುಮನಾಗೆ ವಿವರಿಸಿ, ಅವನ ಕೈಗೊಂದು ಲೋಟ ಮಜ್ಜಿಗೆ ಕೊಟ್ಟು ಕೂರಿಸಿದಳು. ಆಮೇಲೆ ತೀರಿಹೋದ ತನ್ನ ಯಜಮಾನರ ಕತೆ ತೆಗೆದಳು. ಅವರು ಎಂಥವರು, ಹೇಗೆ ನೋಡಿಕೊಂಡರು, ಕೊನೆಗೆ ಏನು ಹೇಳಿ ಕಣ್ಣು ಮುಚ್ಚಿದರು. ಸುಮನಾ ಅತ್ತರು. ಯಾರು ಸತ್ತರೆಂದು ತಿಳಿಯದಿದ್ದರೂ ಅಣ್ಣಯ್ಯಪ್ಪನೂ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಇಷ್ಟು ಹೊತ್ತೂ ಬೆವರುತ್ತಿದ್ದ ರೇಣುಕಾಪ್ರಸಾದನೂ ಅಂಗಿಯ ತೋಳಿಗೆ ಮೂಗು ಒರೆಸಿಕೊಂಡ. ಆ ಯಜಮಾನರನ್ನು ಸೃಷ್ಟಿಸಿದವನೇ ತಾನು ಎಂಬುದು ಅವನಿಗೆ ಮರೆತೇಹೋಗಿತ್ತು.

ಕಡೆಗೆ ಸುಮನಾ ಉಪ್ಸಾರಿನ ಗುಟ್ಟು ಕೇಳಿದರು. ಇಲ್ಲಿಗೆ ಮುಗಿಯಿತು ಎಂದು ಅವನು ಕಣ್ಣುಮುಚ್ಚಿದ.

"ಉಪ್ಪು ಖಾರ ಯಾರ್ ಬೇಕಾದ್ರೂ ಹಾಕ್ತಾರೆ ಬುಡವ್ವ," ಎಂದಳು ಹನುಮಕ್ಕ. "ಹಸ್ಕೊಂಡ್ ಬರೋರು ಒಬ್ರು ಅವ್ರೆ ಅಂತ ಗೊತ್ತಿದ್ರೆ ಸಾರು ತಾನೇ ರುಚಿಯಾಗ್ತದೆ."

ಇಂಥ ಒಂದು ಮಾತಿಗಾಗಿ ಅವನು ಎರಡು ವರ್ಷ ತಿಣುಕಿದ್ದ. ಅವಳು ಎಲೆಯಡಿಕೆ ಉಗಿದಷ್ಟು ಸಲೀಸಾಗಿ ಹೇಳಿಬಿಟ್ಟಿದ್ದಳು. ಎದ್ದು ಕಾಲಿಗೆ ಬೀಳಬೇಕೆನ್ನಿಸಿತು.

ಗಂಡಾಂತರ ಕಳೆಯಿತೆಂದು ಹಗುರಾಗಿ ಸುಮನಾರನ್ನು ಬಸ್ಸಿಗೆ ಬಿಡಲು ಹೋದ. ಬಸ್ಸು ಬರುವ ಹೊತ್ತಿಗೆ ಅವರು ಮೆಲ್ಲಗೆ ಹೇಳಿದರು: "ಅಜ್ಜಿ ಹೇಳಿದ್ದನ್ನ ಟೈಪ್ ಮಾಡೋದು ನೀವೇ ಅಲ್ವಾ? ಪುಣ್ಯದ ಕೆಲಸ. ಆದ್ರೆ ಬೇಜಾರ್ ಮಾಡ್ಕೋಬೇಡಿ, ನಡುನಡುವೆ ನೀವೂ ಸೇರಿಸ್ತೀರ. ಓದುವಾಗ ಗೊತ್ತಾಗತ್ತೆ. ಅಜ್ಜಿ ಅಷ್ಟೊಂದು ಸಪ್ಪೆಯಾಗಿ ಮಾತಾಡಲ್ಲ."

ರೇಣುಕಾಪ್ರಸಾದನಿಗೆ ಮುಖಕ್ಕೆ ತಣ್ಣೀರು ಎರಚಿದಂತಾಯಿತು. ಸಿಕ್ಕಿಬೀಳುವ ಹೆದರಿಕೆ ಎಲ್ಲಿ ಹೋಯಿತೋ, ಮುಂದಿನ ಬಸ್ಸು ಹಿಡಿದು ನೇರ ತುಮಕೂರಿಗೆ ಹೋದ. ತಿಪ್ಪಮ್ಮಜ್ಜಿ ಎಂಬುವಳೇ ಇಲ್ಲ, ಒಂದೊಂದಕ್ಷರವೂ ತನ್ನದೇ ಎಂದು ಹೆಸರು ಸಮೇತ ಬ್ಲಾಗಿನಲ್ಲಿ ಬರೆದು ಹಾಕಿದ.

ಅಷ್ಟರಲ್ಲಿ ಸುಮನಾ ಊರು ತಲುಪಿ ತಮ್ಮ ಪುಟದಲ್ಲಿ ಅಜ್ಜಿಯ ಫೋಟೋ ಹಾಕಿದ್ದರು. ಸಂಜೆಯೊಳಗೆ ಓದುಗರ ಉತ್ತರಗಳು ಬಂದವು. ಮುದುಕಿಯ ಹೆಸರು ನುಂಗಲು ನಾಚಿಕೆಯಾಗುವುದಿಲ್ಲವೇ ಎಂದು ದುಬೈನವರು ಕೇಳಿದ್ದರು. ಗಂಡಸಿನ ಕೈಯಲ್ಲಿ ಇಂಥ ಬರಹ ಸಾಧ್ಯವೇ ಎಂದು ದಾವಣಗೆರೆಯವರು ನಕ್ಕಿದ್ದರು. ಅರ್ಶಿಯಾ ಎಲ್ಲವನ್ನೂ ಓದಿ, ಅವನ ಮುಖವನ್ನೂ ನೋಡಿ, ಅವನು ಬರೆದು ಹಾಕಿದ್ದನ್ನು ಅಳಿಸಿಬಿಡಲೇ ಎಂದು ಕೇಳಿದಳು. ಅವನು ಹೂಂ ಎಂದು ತಲೆಯಾಡಿಸಿದ.

ಗುಬ್ಬಿಗೆ ಬಂದಾಗ ಹನುಮಕ್ಕ ಜಗಲಿಯ ಮೇಲೆ ಕಾಯುತ್ತಿದ್ದಳು. ಅವಳ ಮಾತನ್ನು ಸಾವಿರಾರು ಜನ ಓದುತ್ತಾರೆಂದು ಸುಮನಾ ಅವಳಿಗೆ ಹೇಳಿ ಹೋಗಿದ್ದರು.

"ನಾಳೆಯಿಂದ ಕೆಲ್ಸ ಮುಗಿಸ್ಕೊಂಡ್ ಇತ್ಲಾಗ್ ಬಾ ಮಗ," ಎಂದಳು. "ನಾನ್ ಹೇಳಿದ್ದಷ್ಟೇ ಬರ್ಕೋಬೇಕು, ನಿಂದೇನೂ ಸೇರಿಸ್ಬ್ಯಾಡ. ಸರಿಯಾಗ್ ಮಾಡ್ದಿದ್ರೆ ಹೇಳ್ಬುಡು, ಬ್ಯಾರೆ ಯಾರನ್ನಾದ್ರೂ ನೋಡ್ಕೋತೀನಿ."